ಕಾಕಾ ಯಾರ ಪೈಕಿ?

ನಮ್ಮ ಕಾಕಾನಿಗೆ ಈ ಭೂಮಿಯ ಮೇಲೆ ಅಪರಿಚಿತರು ಅಂತ ಒಬ್ಬರೂ ಇಲ್ಲ. ಯಾರಾದರೂ ಇದ್ದರೆ ಅದು ಅವರ ತಪ್ಪು. ಅವರಿನ್ನೂ ರಬಕವಿಯಿಂದ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಕಾಕಾನ ಪಕ್ಕ ಕೂತಿಲ್ಲ, ಅಷ್ಟೇ!

ಕೂತರೆ ಮುಗಿಯಿತು. ಬಸ್ಸು ಬನಹಟ್ಟಿ ದಾಟುವುದರೊಳಗೆ ಕಾಕಾ ಅತ್ತ ವಾಲಿ ಶುರು ಮಾಡುತ್ತಾನೆ: "ಯಾವೂರ್ರಿ ನಿಮ್ದು? ಯಾರ ಪೈಕಿ?" ಆತ ಪಾಪ, ಕಿಟಕಿ ಕಡೆ ಮುಖ ಮಾಡಿಕೊಂಡು "ಮುಧೋಳ್ರಿ" ಅನ್ನುತ್ತಾನೆ. ಬಿಡುತ್ತಾನೆಯೇ ನಮ್ಮ ಕಾಕಾ? ಮುಧೋಳದಾಗ ಯಾರ ಮನಿ, ಅವ್ವನ ತವರು ಯಾವುದು, ಅಕ್ಕನ್ನ ಎಲ್ಲಿ ಕೊಟ್ಟೀರಿ... ಜಮಖಂಡಿ ಸ್ಟ್ಯಾಂಡಿನಲ್ಲಿ ಇಳಿಯುವಾಗ ಇಬ್ಬರೂ ಬೀಗರು! ಆತ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಕರೆದಿರುತ್ತಾನೆ, ಕಾಕಾ ಹೂಂ ಅಂದಿರುತ್ತಾನೆ.

ಈ ವಿದ್ಯೆಗೊಂದು ಗುಟ್ಟಿದೆ. ನಡುವೆ ಎಲ್ಲೋ ಕೊಂಡಿ ಸಿಗದಿದ್ದರೆ ಕಾಕಾ ಕಂಗೆಡುವುದಿಲ್ಲ. "ನಡುವ ಒಬ್ಬಾಂವ ಯಾರೋ ಅದಾನ, ಅವನ್ನ ಸದ್ಯಕ್ಕ ಬಿಡೂಣು" ಎಂದು ಹಾರಿ ಮುಂದಿನವರನ್ನು ಹಿಡಿಯುತ್ತಾನೆ. ಇನ್ನು ಎದುರಿನವರಿಗೆ "ನೀವು ಯಾರ ಪೈಕಿ?" ಅಂತ ತಿರುಗಿ ಕೇಳಲು ಪುರಸೊತ್ತೇ ಕೊಡುವುದಿಲ್ಲ. ಅಷ್ಟು ಮಾತು!

ಒಮ್ಮೆ ಬನಹಟ್ಟಿಯಲ್ಲಿ ಯಾವುದೋ ಮದುವೆಗೆ ಹೋಗಿದ್ದ. ಪಂಕ್ತಿಯಲ್ಲಿ ಓಡಾಡಿ ಬಡಿಸಿದ, ಅಡುಗೆಯವನ ಜೊತೆ ಸಾರಿನ ಉಪ್ಪಿಗಾಗಿ ಜಗಳವಾಡಿದ, ಮದುಮಗನ ಮಾವನಿಗೆ ಬುದ್ಧಿ ಹೇಳಿದ, ಕೊನೆಗೆ ಉಂಡು ಎಲೆ ಅಡಿಕೆ ಹಾಕಿಕೊಂಡ. ಆಮೇಲೆ ಗೊತ್ತಾಯಿತು, ತಾನು ಹೋಗಬೇಕಾಗಿದ್ದ ಮದುವೆ ಹಿಂದಿನ ಓಣಿಯಲ್ಲಿತ್ತು! ನಾಚಿಕೆ ಪಟ್ಟನೇ? ಇಲ್ಲ. ಆ ಮನೆಯವರ ಮುಂದಿನ ಮದುವೆಗೆ ಮೊದಲ ಕರೆ ಬಂದದ್ದೇ ಇವನಿಗೆ.

ಇಂಥ ಕಾಕಾ ಒಂದು ದಿನ ನನ್ನ ಕಾಲೇಜಿಗೂ ಬಂದ. ಬರುವ ಹಾಗೆ ಮಾಡಿದ್ದು ನನ್ನ ಮಾರ್ಕ್ಸೇ. ನಾನು ಜಮಖಂಡಿಯಲ್ಲಿ ಎಂ.ಎಸ್ಸಿ.ಗೆ ಸೇರಿದ್ದೆ. ಮೊದಲ ಸೆಮಿಸ್ಟರಿನಲ್ಲೇ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಹೊಸ ಪೇಪರು. ಜೀವಿಗಳ ವಂಶವಾಹಿಯೆಲ್ಲ ನಾಲ್ಕೇ ಅಕ್ಷರಗಳಲ್ಲಿ ಬರೆದಿರುತ್ತದಂತೆ. ಎ, ಟಿ, ಜಿ, ಸಿ ಎಂದು ಪುಟಗಟ್ಟಲೆ ಅದೇ. ಅದನ್ನು ಕಂಪ್ಯೂಟರಿಗೆ ಕೊಟ್ಟು ಅರ್ಥ ಮಾಡಿಕೊಳ್ಳಬೇಕಂತೆ. ಕಂಪ್ಯೂಟರಿಗೆ ಅರ್ಥವಾಗುತ್ತಿತ್ತೇನೋ, ನನಗಂತೂ ಆಗಲಿಲ್ಲ. ಮೊದಲ ಟೆಸ್ಟಿನಲ್ಲಿ ಮಕಾಡೆ ಬಿದ್ದೆ.

ಅವ್ವ ಇದನ್ನೇ ಕಾಯುತ್ತಿದ್ದಳು. "ಈ ಪೇಪರ್ ಹೋತಂದ್ರ ಪುಸ್ತಕ ಗಂಟು ಕಟ್ಟಿ ಸೀದಾ ಮನ್ಯಾಗ ಕೂಡು. ಮುಧೋಳದವ್ರಿಗೆ ಹೂಂ ಅಂದ ಬಿಡ್ತೇನಿ" ಅಂದಳು. ಮುಧೋಳದ ವರನ ಕಡೆಯವರು ನನ್ನನ್ನು ನೋಡಿಕೊಂಡು ಹೋಗಿ ಆಗಲೇ ಬಹಳ ದಿನವಾಗಿತ್ತು.

"ಹುಡುಗಿ ಓದ್ತಾಳ ವೈನಿ. ನಾ ಅದೀನಲ್ಲ!" ಅಂದ ಕಾಕಾ ತನ್ನ ಅತ್ತಿಗೆಗೆ. ಮರುದಿನ ನನ್ನ ಜೊತೆ ಬಸ್ಸು ಹತ್ತಿದ. "ಸರ್‌ನ ನನಗ ಬಿಡು."

ನಮ್ಮ ಸರ್ ಮಂಡ್ಯದ ಕಡೆಯವರು. ನಕ್ಕರೆ ಸಂಬಳ ಹಿಡಿಯುತ್ತಾರೆ ಎನ್ನುವ ಹಾಗೆ ಇರುತ್ತಿದ್ದರು. ಕಾಕಾ ನೇರ ಅವರ ಎದುರಿನ ಕುರ್ಚಿಯಲ್ಲಿ ಕೂತು, "ಯಾರ ಪೈಕಿ ಸರ ನೀವು?" ಅಂದ.

"ನನಗೆ ಈ ಕಡೆ ಯಾರೂ ಇಲ್ಲ" ಅಂದರು ಸರ್.

"ಯಾರೂ ಇಲ್ಲ? ಹಂಗ ಅನ್ನಾಕ ಬರೂದಿಲ್ರಿ ಸರ!" ಕಾಕಾನ ದನಿ ಏರಿಬಿಟ್ಟಿತು. ಯಾರಾದರೂ ಹಾಗಂದರೆ ಅವನಿಗೆ ತಡೆದುಕೊಳ್ಳಲು ಆಗುವುದಿಲ್ಲ.

ಆಮೇಲೆ ನಡೆದದ್ದು ಪೊಲೀಸ್ ವಿಚಾರಣೆಯೇ! ಸರ್ ಹೆಂಡತಿಯ ಸೋದರತ್ತೆಯನ್ನು ದಾವಣಗೆರೆಗೆ ಕೊಟ್ಟಿದ್ದರು. ಅವರದು ಸೀರೆ ಅಂಗಡಿ. ಸೀರೆ ಅಂದಮೇಲೆ ನೇಕಾರರ ಊರು ನಮ್ಮ ರಬಕವಿಯದ್ದೇ! ಆ ಅಂಗಡಿಯ ಗುಮಾಸ್ತನ ಹೆಂಡತಿ ಬನಹಟ್ಟಿಯವಳು. "ನಡುವ ಒಬ್ಬಾಂವ ಯಾರೋ ಅದಾನ, ಬಿಡೂಣು... ಅಲ್ಲಿಗೆ ನೀವು ನನಗ ಅಳಿಯ ಆಗ್ತೀರಿ ನೋಡ್ರಿ!"

ಸರ್ ನಕ್ಕರು! ನಕ್ಕಿದ್ದಷ್ಟೇ ಅಲ್ಲ, ಕಾಕಾನ ಕೈಹಿಡಿದು ಕ್ಲಾಸಿಗೆ ಕರೆದುಕೊಂಡು ಬಂದರು. "ನೋಡಿ, ಇಡೀ ಪೇಪರು ಇಷ್ಟೇ. ಹೊಸದೊಂದು ಜೀನ್ ಸಿಕ್ಕರೆ ಕಂಪ್ಯೂಟರು ಅದನ್ನು ಯಾರ ಪೈಕಿ ಅಂತ ಕೇಳುತ್ತದೆ. ಗೊತ್ತಿರುವ ಜೀನುಗಳ ಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ಹಾಕುತ್ತದೆ. ತಾಳೆಯಾಗದ ಕಡೆ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ, ಇವರ ಹಾಗೆಯೇ. ಆದರೆ ಖಾಲಿ ಬಿಟ್ಟಾಗಲೆಲ್ಲ ಮಾರ್ಕ್ಸ್ ಕಡಿಯುತ್ತದೆ."

"ಯಾಕ ಕಡಿಬೇಕ್ರಿ?" ಕಾಕಾ ಎದ್ದು ನಿಂತ. "ಬಳಗದಾಗ ಅಷ್ಟು ಬಿಗಿ ಇರಬಾರದು!"

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ. ಅಷ್ಟು ದಿನ ತಲೆಯ ಮೇಲೆ ಹಾರಿ ಹೋಗುತ್ತಿದ್ದ ಪೇಪರು ಅವತ್ತು ಮೊದಲ ಸಲ ತಲೆಯೊಳಗೆ ಇಳಿದಿತ್ತು.

ಮುಂದಿನ ಟೆಸ್ಟಿಗೆ ಸರ್ ಬೇರೆಯದೇ ಕೆಲಸ ಕೊಟ್ಟರು. ಜೀನುಗಳ ವಂಶವೃಕ್ಷ ಬರೆಯುವ ಮೊದಲು ಎಲ್ಲರೂ ತಮ್ಮ ಮನೆಯ ವಂಶವೃಕ್ಷ ಕೈಯಲ್ಲಿ ಬರೆದು ತರಬೇಕು. ಒಂದೊಂದು ಗೆರೆಗೂ ಆಧಾರ ಹೇಳಬೇಕು. ಇದರಲ್ಲಿ ಪಾಸಾದರೆ ಓದು ಉಳಿಯಿತು, ಇಲ್ಲವಾದರೆ ಮುಧೋಳ!

ನನಗೇನು ಚಿಂತೆ? ಕಾಕಾ ಇದ್ದಾನಲ್ಲ! ಕರೆಂಟು ಹೋಗಿ ಮಗ್ಗಗಳೆಲ್ಲ ಸುಮ್ಮನಾದ ಹೊತ್ತಿನಲ್ಲಿ ಅವನೆದುರು ದೊಡ್ಡ ಹಾಳೆ ಹಾಸಿಕೊಂಡು ಕೂತೆ. ಮುತ್ತಜ್ಜ, ಮುತ್ತಜ್ಜನ ಇಬ್ಬರು ಹೆಂಡಿರು, ಚಿಮ್ಮಡದ ಅತ್ತೆ, ಅತ್ತೆಯ ಮೈದುನ, ಎಲ್ಲರನ್ನೂ ಗಡಗಡ ಹೇಳಿದ. ಹಾಳೆ ತುಂಬುತ್ತಾ ಬಂತು.

"ನಿನ್ನ ಎಲ್ಲಿ ಹಾಕಲೋ ಕಾಕಾ? ಅಪ್ಪನ ಬಾಜೂಕ ಹೌದಲ್ಲ?"

ಕಾಕಾ ಸುಮ್ಮನಾದ. ನಮ್ಮ ಕಾಕಾ, ಸುಮ್ಮನೆ! ನಾನು ಹುಟ್ಟಿದಾಗಿನಿಂದ ಕಾಣದ ನೋಟ ಅದು.

"ನನ್ನ ಬಿಡ ಯವ್ವಾ" ಅಂದ. "ನಡುವ ಒಬ್ಬಾಂವ ಯಾರೋ ಅದಾನ ಅಂತ ತಿಳ್ಕೊ."

ಅಷ್ಟರಲ್ಲಿ ಕರೆಂಟು ಬಂತು. ಕಾಕಾ ಎದ್ದು ಮಗ್ಗದ ಕಡೆ ಹೋದ.

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಯಾಕೆ ಹೀಗಂದ ಅಂತ ಕೇಳಿದೆ. ಅವಳ ಕೈ ನಿಂತಿತು.

"ಬೀಳಗಿ ಕಡೆ ಹೊಳಿ ದಂಡಿ ಊರು ಅವಂದು. ಡ್ಯಾಮಿನ ನೀರಾಗ ಮುಳಗಿ ಹೋತು. ಹಿಂದ ಮುಂದ ಯಾರೂ ಇರಲಿಲ್ಲ. ಊರ ಮಂದಿ ದಿಕ್ಕಿಗೊಬ್ಬರು ಆದ್ರು. ಇಂವ ಮಗ್ಗದ ಕೆಲಸ ಹುಡುಕ್ಕೊಂಡು ಇಲ್ಲಿ ಬಂದ. ಆಗ ನೀ ಇನ್ನೂ ಅಂಬೆಗಾಲು ಇಡ್ತಿದ್ದಿ. ಚಹಾದಂಗಡ್ಯಾಗ ನಿಮ್ಮಪ್ಪ ಕೇಳಿದ್ರಂತ, ಯಾರ ಪೈಕಿ ತಮ್ಮಾ ಅಂತ. ಯಾರೂ ಇಲ್ರಿ ಅಂದ. 'ಹಂಗ ಅನ್ನಾಕ ಬರೂದಿಲ್ಲ. ನಮ್ಮ ಪೈಕಿ ಅನ್ನು. ನಡಿ ಉಣ್ಣಾಕ' ಅಂತ ಕರಕೊಂಡು ಬಂದ್ರು."

ನಾನು ಅಲ್ಲೇ ಕೂತೆ. ನನ್ನ ಕಾಕಾ ನನ್ನ ಕಾಕಾ ಅಲ್ಲವೇ? ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಹೋಗಿ ಹಾಳೆ ತೆಗೆದು ಅಪ್ಪನ ಪಕ್ಕದಲ್ಲಿ ಕಾಕಾನ ಹೆಸರು ಬರೆದೆ. ಗೆರೆಯನ್ನು ಎಲ್ಲಕ್ಕಿಂತ ದಪ್ಪಗೆ ಎಳೆದೆ.

ಸರ್ ಆ ಗೆರೆಯ ಮೇಲೇ ಬೆರಳಿಟ್ಟರು. "ಇದಕ್ಕೇನು ಆಧಾರ?"

"ನಡಿ ಉಣ್ಣಾಕ ಅಂದಿದ್ದು, ಸರ್" ಅಂದೆ. ಉಳಿದದ್ದನ್ನೂ ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಕಂಪ್ಯೂಟರು ಇದನ್ನು ಒಪ್ಪುವುದಿಲ್ಲಮ್ಮ" ಅಂದರು. ಮಾರ್ಕ್ಸ್ ಮಾತ್ರ ಕಡಿಯಲಿಲ್ಲ. ನಾನು ಪಾಸಾದೆ. ಮುಧೋಳದ ಹುಡುಗನಿಗೆ ಬೇರೆ ಹುಡುಗಿ ಸಿಕ್ಕಳು. ಆ ಮದುವೆಗೂ ಕಾಕಾ ಹೋಗಿ ಬಂದ!

ಹಾಳೆ ಕೈಗೆ ಬಂದ ದಿನ ಕಾಕಾ ಕೆಲಸದ ಮೇಲೆ ಜಮಖಂಡಿಗೆ ಬಂದಿದ್ದ. ಸಂಜೆ ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಅದನ್ನು ಬಿಡಿಸಿಟ್ಟೆ. ತನ್ನ ಹೆಸರಿನ ಮೇಲೆ ಬೆರಳಿಟ್ಟವನು ತೆಗೆಯಲೇ ಇಲ್ಲ. ಪಕ್ಕದ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅವತ್ತು ಅವಳನ್ನು ವಿಚಾರಿಸುವುದೂ ಅವನಿಗೆ ಮರೆತು ಹೋಗಿತ್ತು. ಕಾದು ಕಾದು ಅವಳೇ ಕೇಳಿದಳು.

"ಯಾರ ಪೈಕಿಯೋ ತಮ್ಮಾ ನೀ?"

ಕಾಕಾ ನನ್ನ ಕಡೆ ಕೈ ತೋರಿಸಿದ.

"ನಾನ್ರಿ ಆಯಿ? ನಾ ಇಕೀ ಪೈಕಿ."