ಅಥೆನ್ಸಿನ ಮಡಕೆ ಚೂರು

ಪ್ರಾಚೀನ ಗ್ರೀಕರನ್ನು ಕನ್ನಡಿಗರಿಗೆ ಪರಿಚಯಿಸುವ ಮಹತ್ಕಾರ್ಯಕ್ಕೆ ಮೆಲ್ಬರ್ನಿನ ನಮ್ಮ ಇಡೀ ಟಾರ್ನೀಟ್ ಬಡಾವಣೆಯಲ್ಲಿ ನನಗಿಂತ ಯೋಗ್ಯರಿಲ್ಲ ಎಂದು ನಾನೇ ತೀರ್ಮಾನಿಸಿದೆ. ನಮ್ಮ ಕನ್ನಡ ಬಳಗದ ತಿಂಗಳ ಕೂಟದಲ್ಲಿ ಇಪ್ಪತ್ತು ನಿಮಿಷ ಮಾತಾಡುವವರು ಬೇಕಾಗಿತ್ತು. ಕೈ ಎತ್ತಿಬಿಟ್ಟೆ.

“ನಿಮಗೆ ಗ್ರೀಕರ ಬಗ್ಗೆ ಏನ್ರೀ ಗೊತ್ತು?” ಎಂದಳು ಹೆಂಡತಿ ಸುಮಾ.

“ಎರಡು ವಾರ ಟ್ರೈನಲ್ಲಿ ಪಾಡ್‌ಕಾಸ್ಟ್ ಕೇಳಿದೀನಿ ಕಣೆ!”

ಬರೀ ಮಾತು ಸಾಲದು, ಪ್ರಾತ್ಯಕ್ಷಿಕೆಯೂ ಇರಲಿ ಎನ್ನಿಸಿತು. ಅಥೆನ್ಸಿನಲ್ಲಿ ಯಾರಾದರೂ ತೀರಾ ಮೆರೆಯತೊಡಗಿದರೆ ಜನ ಅವರ ಹೆಸರನ್ನು ಮಡಕೆ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಹೆಚ್ಚು ಚೂರು ಬಿದ್ದವರು ಹತ್ತು ವರ್ಷ ಊರಾಚೆ! ಗರಾಜಿನಲ್ಲಿ ಮಣ್ಣಿನ ಕುಂಡವೊಂದು ಸಿಕ್ಕಿತು. ಅದರಲ್ಲಿದ್ದ ಒಣಕಡ್ಡಿಯನ್ನು ಬಿನ್‌ಗೆ ಎಸೆದು, ಕುಂಡವನ್ನು ಸುತ್ತಿಗೆಯಿಂದ ಶಾಸ್ತ್ರೋಕ್ತವಾಗಿ ಒಡೆದೆ.

ಭಾನುವಾರ ಹಾಲ್ ತುಂಬಿತ್ತು. “ಅಥೆನ್ಸಿನಲ್ಲಿ ಎಲ್ಲರೂ ಸೇರಿ ಊರಿನ ವಿಷಯ ತೀರ್ಮಾನಿಸುತ್ತಿದ್ದರು!” ಎಂದು ಗುಡುಗಿದೆ.

“ಹೆಂಗಸ್ರೂನಾ?” ಮೊದಲ ಸಾಲಿನಿಂದ ಸುಮಾ.

“ಅದು... ಇಲ್ಲ.”

“ಗುಲಾಮರು?” ಪಕ್ಕದ ಮನೆಯ ಶಾಂತಾ ಆಂಟಿ.

“ಇಲ್ಲ.”

“ಹೊರಗಿಂದ ಬಂದು ಸೆಟ್ಲ್ ಆದೋರು? ಪಿಆರ್ ವೀಸಾ ತಗೊಂಡಿರೋ ನಮ್ ಥರ?”

“ಅವರೂ ಇಲ್ಲ, ಆಂಟಿ.”

“ಮತ್ತೆ ಎಲ್ಲರೂ ಅಂದ್ರೆ ಯಾರ್ರೀ?” ಎಂದಳು ಸುಮಾ.

ಸಭೆ ಗೊಳ್ಳೆಂದು ನಕ್ಕಿತು. ಗಾಬರಿಯಲ್ಲಿ ತತ್ವಜ್ಞಾನಕ್ಕೆ ಹಾರಿ, ಪ್ರಶ್ನೆ ಕೇಳುವುದೇ ಗ್ರೀಕರು ಕಲಿಸಿದ ದೊಡ್ಡ ಪಾಠ ಎಂದೆ. ತಪ್ಪಾಯಿತು! ಪ್ರಶ್ನೆಗಳು ಸುರಿದವು. ಉತ್ತರಿಸುತ್ತ ಉತ್ತರಿಸುತ್ತ ಒಂದು ಗಂಟೆ ಹತ್ತು ನಿಮಿಷ. ಹಿಂದಿನ ಮೇಜಿನ ಮೇಲೆ ಬಿಸಿಬೇಳೆಬಾತ್ ಬರೀ ಬೇಳೆಬಾತ್ ಆಗಿತ್ತು.

ಕೊನೆಯ ಅಸ್ತ್ರವೆಂದು ಚೂರುಗಳನ್ನೂ ಮಾರ್ಕರ್‌ಗಳನ್ನೂ ಹಂಚಿದೆ. “ತಮಾಷೆಗೆ ಯಾರ ಹೆಸರಾದ್ರೂ ಬರೀರಿ!”

ಸುಮಾ ತನ್ನ ಚೂರನ್ನು ತಿರುಗಿಸಿ ನೋಡಿದಳು. “ರೀ, ಇದು ನನ್ನ ಕರಿಬೇವಿನ ಕುಂಡ ಅಲ್ವಾ?”

“ಅದು ಒಣಗಿ ಹೋಗಿತ್ತಲ್ಲೇ...”

“ಒಣಗಿರ್ಲಿಲ್ಲ! ಚಳಿಗೆ ಎಲೆ ಉದುರಿತ್ತು ಅಷ್ಟೇ. ನಾಲ್ಕು ವರ್ಷದಿಂದ ಸಾಕಿದ್ದೆ!”

ಹಾಲಿಗೆ ಹಾಲೇ “ಅಯ್ಯೋ!” ಎಂದಿತು. ಮೆಲ್ಬರ್ನ್ ಚಳಿಯಲ್ಲಿ ಕರಿಬೇವು ಉಳಿಸುವುದು ಎಳೆಮಗುವನ್ನು ಸಾಕಿದಂತೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನಗೊಬ್ಬನಿಗೆ ಬಿಟ್ಟು.

ಎಣಿಸಿದೆ. ಮೂವತ್ತೆರಡು ಚೂರು. ಮೂವತ್ತೆರಡರಲ್ಲೂ ನನ್ನದೇ ಹೆಸರು! ಸುಮಾ ತನ್ನ ಚೂರಿನಲ್ಲಿ ನನ್ನ ಹೆಸರಿನ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಳು.

ಶಾಂತಾ ಆಂಟಿ ತಣ್ಣಗಾದ ಬಾತಿನ ತಟ್ಟೆಯೊಂದನ್ನು ನನ್ನ ಕೈಗಿಟ್ಟರು. “ಈಗ ಚೆನ್ನಾಗಿ ಅರ್ಥ ಆಯ್ತಪ್ಪಾ. ಗ್ರೀಕರು ತುಂಬಾ ಬುದ್ಧಿವಂತರು” ಎಂದು, ಬಾಗಿಲಾಚೆಯ ಬೆಂಚಿನತ್ತ ಕೈ ತೋರಿಸಿದರು.

ತೆಪ್ಪಗೆ ಹೋಗಿ ಕುಳಿತೆ.