ಕಾಲು ಬರದ ನಾಟಕ

ಅಂದು ಮಂಗಳವಾರ. ಎಂಟನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹದಿನೇಳನೆಯದರ ಮೇಲೆ ಪೆನ್ನಿತ್ತು. ಫೋನ್ ಬಂತು: ತಮ್ಮ ಹೋದ.

ಪೋಲಿಯೊದಿಂದ ಅವನ ಒಂದು ಕಾಲು ಸೊರಗಿತ್ತು. ನಮ್ಮ ಕಡೆಯ ನಾಟಕಗಳಲ್ಲಿ ಕುಂಟನ ಪಾತ್ರವಿದ್ದರೆ ಕೊನೆಯ ದೃಶ್ಯದಲ್ಲಿ ದೇವರ ದಯೆಯಿಂದ ಅವನಿಗೆ ಕಾಲು ಬರಲೇಬೇಕು. “ಅಕ್ಕಾ, ಕಾಲು ಬರದ ನಾಟಕ ಒಂದು ಬರಿ, ನಾ ಪಾರ್ಟ್ ಮಾಡ್ತೇನಿ” ಅನ್ನುತ್ತಿದ್ದ. ಬರೆದರಾಯಿತು ಎಂದುಕೊಂಡಿದ್ದೆ.

ಮರುವರ್ಷ, ನಾಟಕಗಳಲ್ಲಿ ಅಂಗವಿಕಲರು ಎಂಬ ವಿಷಯ ಹಿಡಿದು ಪಿಎಚ್.ಡಿ.ಗೆ ಸೇರಿದೆ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಕೂತು ಆ ನಾಟಕವನ್ನೂ ಬರೆದೆ. ಅಂದಿನಿಂದ ಏನಾದರೊಂದು ನಡೆಯುತ್ತಲೇ ಇದೆ.

ಯಾವ ಕಾಲು?

ಕುಬಿಹಾಳದಲ್ಲಿ ಕುಂಟನ ಪಾತ್ರಕ್ಕೆ ಹೆಸರಾದ ಹಿರಿಯ ನಟರೊಬ್ಬರಿದ್ದರು. ಟಿಪ್ಪಣಿ ಬರೆಯುವ ವಹಿ ತೆಗೆದು, “ಯಾವ ಕಾಲು ಎಳೀತಿದ್ರಿ?” ಎಂದು ಕೇಳಿದೆ.

“ಊರಗೌಡ್ರು ಯಾವ ಬಾಜೂ ಕುಂತಾರ ನೋಡಿ, ಆ ಕಾಲರಿ.”

“ನಡುವ ಕುಂತಿದ್ರ?”

“ಎರಡೂ ಎಳಿಯೂದು. ಪಾಳಿ ಮ್ಯಾಲ.”

ಪಾಠ

ತರಗತಿಯಲ್ಲಿ ಕೇಳಿದೆ: “ಕಾಲು ಬಂದ ಕೂಡಲೆ ಕುಂಟ ಊರುಗೋಲು ಎಸೀತಾನ. ಅದರಿಂದ ನಮಗ ಏನು ತಿಳೀತದ?”

ಹುಡುಗಿಯೊಬ್ಬಳು ಎದ್ದು ನಿಂತಳು: “ಮುಂದಿನ ಸಾಲಿನ್ಯಾಗ ಕುಂದರಬಾರದು ಅಂತ್ರಿ.”

ತಾಲೀಮು

ಶಲವಡಿಯಲ್ಲಿ ನನ್ನ ನಾಟಕದ ತಾಲೀಮು ಶುರುವಾಯಿತು. ಕುಂಟನ ಪಾತ್ರಕ್ಕೆ ನಿಜಕ್ಕೂ ಕುಂಟುವ ದರ್ಜಿಯೊಬ್ಬ ಒಪ್ಪಿದ್ದ. ಹಾರ್ಮೋನಿಯಂ ನುಡಿಸುತ್ತ ಆಟ ಕಲಿಸುವ ಪೇಟಿ ಮಾಸ್ತರರಿಗೆ ಮಾತ್ರ ಸಮಾಧಾನವಿಲ್ಲ.

“ಕಾಲು ಬರಲಿಲ್ಲಂದ್ರ ಮಂದಿ ಏಳಂಗಿಲ್ರಿ, ಅಕ್ಕೋರ. ಕಡೀ ಸೀನಿಗೆ ಹೊಗಿ ಬಿಟ್ಟು ನಮ್ಮ ಅಳಿಯನ್ನ ನಿಂದರಸೂಣು. ಅವಂದು ಎರಡೂ ಕಾಲು ಅಗದಿ ಚಲೋ ಅದಾವ.”

“ಅವಂಗ ನನ್ನ ಮಾರಿ ಎಲ್ಲಿಂದ ಬರತೈತ್ರಿ?” ದರ್ಜಿ ಕೇಳಿದ.

“ಲೇ, ಕಾಲು ಕೊಟ್ಟ ದೇವರಿಗೆ ಮಾರಿ ಬದಲ ಮಾಡೂದು ದೊಡ್ಡದೇನು?”

ನಾನು ಒಪ್ಪಲಿಲ್ಲ.

ಆಟದ ದಿನ

ಕೊನೆಯ ದೃಶ್ಯದಲ್ಲಿ ದರ್ಜಿ ಊರುಗೋಲು ಹಿಡಿದೇ ನಿಂತ. ಪರದೆ ಬಿತ್ತು. ಮಾಸ್ತರರು ಹೇಳಿದ್ದಂತೆಯೇ ಒಬ್ಬರೂ ಏಳಲಿಲ್ಲ. “ನಾಟಕ ಮುಗೀತ್ರಿ” ಎಂದು ಮೈಕಿನಲ್ಲಿ ಎರಡು ಸಲ ಕೂಗಿದ್ದಾಯಿತು. ಮಾಸ್ತರರು ನನ್ನ ಮುಖ ನೋಡಿದರು, ಹೊಗೆಯ ಡಬ್ಬಿಗೆ ಕೈ ಹಾಕಿದರು. ಹಿಂದೆ ನೋಡಿದರೆ ಅಳಿಯ ದರ್ಜಿಯಂಥದೇ ಮೀಸೆ ಹಚ್ಚಿಕೊಂಡು ತಯಾರಾಗಿ ನಿಂತಿದ್ದ!

ಮಂದಿಯೊಳಗಿಂದ ಮುದುಕಿಯೊಬ್ಬಳು ಕೂಗಿದಳು: “ಏ ತಮ್ಮಾ, ನಿನಗ ಇನ್ನೂ ಕಾಲು ಬಂದಿಲ್ಲಲ್ಲೋ!”

ದರ್ಜಿ ಪರದೆ ಸರಿಸಿ ತಲೆ ಹೊರಹಾಕಿದ. “ನಲವತ್ತು ವರ್ಷಾತ ಬೇ, ನಾನೂ ದಾರಿ ಕಾಯಾಕತ್ತೇನಿ. ನೀ ಮನಿಗೆ ನಡಿ. ಬಂದ್ರ ಹೇಳಿ ಕಳಸ್ತೇನಿ.”

ಮಂದಿ ಬಿದ್ದು ಬಿದ್ದು ನಕ್ಕರು, ಸೀರೆ ಧೋತರ ಕೊಡವಿಕೊಂಡು ಎದ್ದರು.

ಆ ಮಾತು ನಾನು ಬರೆದದ್ದಲ್ಲ.