ಟೈಲ್ಸ್ ತಟ್ಟುವ ಭಾವ

ನಮ್ಮ ಭಾವನನ್ನು ಮನೆಗೆ ಕರೆಯುವುದಾದರೆ ಧಾರಾಳವಾಗಿ ಕರೆಯಿರಿ. ಊಟಕ್ಕೆ ಹಾಕಿ, ಎಲೆ ಅಡಿಕೆ ಕೊಡಿ. ಬಚ್ಚಲುಮನೆ ಎಲ್ಲಿದೆ ಎಂದು ಮಾತ್ರ ತೋರಿಸಬೇಡಿ. ತೋರಿಸಿದಿರೋ, ನಿಮ್ಮ ನೆಮ್ಮದಿ ಅಂದಿಗೇ ಮುಗಿಯಿತು! ಕೈ ತೊಳೆಯಲು ಹೋದವರು ಬಾಗಿಲು ಹಾಕಿಕೊಂಡು ಗೋಡೆಯ ಟೈಲ್ಸುಗಳನ್ನು ಬೆರಳ ಗೆಣ್ಣಿನಿಂದ ತಟ್ಟತೊಡಗುತ್ತಾರೆ. ಹಲಸಿನ ಹಣ್ಣು ಕೊಳ್ಳುವವರು ತಟ್ಟಿ ಕಿವಿಗೊಡುವುದಿಲ್ಲವೆ, ಹಾಗೆ. ಹೊರಗೆ ಬರುವಾಗ ಅವರ ಮುಖ ಸಾವಿನ ಮನೆಯಿಂದ ಬಂದವರ ಹಾಗಿರುತ್ತದೆ. ಮನೆಯ ಯಜಮಾನನ ಹೆಗಲ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ, "ಟೊಳ್ಳು" ಎನ್ನುತ್ತಾರೆ.

ಕುಶಾಲನಗರದಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಹೀಗೇ ಆಯಿತು. ಸತ್ಯನಾರಾಯಣ ಪೂಜೆ ಇನ್ನೂ ಮುಗಿದಿರಲಿಲ್ಲ. ಭಾವ ಬಚ್ಚಲಿನಿಂದ ಬಂದವರೇ, ಕಿಟಕಿಯ ಕೆಳಗಿನ ಸಾಲು ಬರುವ ಮಳೆಗಾಲ ಕಾಣುವುದಿಲ್ಲ ಎಂದು ಪುರೋಹಿತರ ಎದುರೇ ಹೇಳಿಬಿಟ್ಟರು. ಅವರ ಎಲೆಗೆ ಎರಡನೆಯ ಹೋಳಿಗೆ ಬೀಳಲಿಲ್ಲ. ಮಳೆಗಾಲ ಬಂತು, ಆ ಸಾಲು ಬಿತ್ತು. ಭಾವನ ಮಾತು ನಿಜವಾಯಿತಲ್ಲ ಎಂದು ಯಾರಾದರೂ ಮೆಚ್ಚಿದರೇ? ಎಲ್ಲಿಯ ಮಾತು! ಅವರ ಬಾಯಿ ಕೆಟ್ಟದ್ದು, ಅದಕ್ಕೇ ಬಿತ್ತು ಎಂದರು.

ಭಾವ ಹುಟ್ಟಿನಿಂದ ಹೀಗಿರಲಿಲ್ಲ. ಚೆಟ್ಟಳ್ಳಿಯ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾಗಿ, ಮಾದಾಪುರದ ಹತ್ತಿರ ತಮ್ಮ ಸಣ್ಣ ಕಾಫಿ ತೋಟದ ನಡುವೆ ಅಕ್ಕನ ಜೊತೆ ಸುಮ್ಮನೆ ಇದ್ದವರು. ಹಳೆಯ ಬಚ್ಚಲಿನ ನುಣುಪು ಗೋಡೆಯ ಮೇಲೆ ಮೇಸ್ತ್ರಿಯೊಬ್ಬ ಬರೀ ಸಿಮೆಂಟು ಮೆತ್ತಿ ಟೈಲ್ಸ್ ಅಂಟಿಸಿ ಹೋಗಿದ್ದ. ಒಂದು ಮಳೆಗಾಲ, ಅಕ್ಕ ಸ್ನಾನ ಮಾಡುತ್ತಿದ್ದಾಗ ಅದರಲ್ಲೊಂದು ಕಳಚಿ ಅವಳ ಪಾದದ ಮೇಲೆ ಬಿತ್ತು. ಅವಳು ಬಹಳ ದಿನ ಕುಂಟಿದಳು. ಅವಳು ಮರೆತಳು, ಭಾವ ಮರೆಯಲಿಲ್ಲ. ಆ ಗೋಡೆಯನ್ನು ತಾವೇ ನಿಂತು ಕೆಡವಿಸಿ, ಇನ್ನು ಅಂಟಿಸಲು ಸರಿಯಾದ ಗಮ್ಮು ಸಿಗುವ ತನಕ ಈ ಮನೆಯಲ್ಲಿ ಟೈಲ್ಸ್ ಇಲ್ಲ ಎಂದರು. ಅಕ್ಕ ಬರಿಯ ಇಟ್ಟಿಗೆ ನೋಡಿಕೊಂಡು ಸ್ನಾನ ಮಾಡತೊಡಗಿದಳು.

ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದ ಕಾಕನಿಗೆ ಭಾವನ ಜೀಪಿನ ಸದ್ದು ಕೇಳಿದರೆ ಒಳಗೆ ತುರ್ತು ಕೆಲಸ ಬರುತ್ತಿತ್ತು. ಬರದೆ ಏನು? ಮೊದಮೊದಲು ಅವನು ಒಂದು ಚೀಲ ತೋರಿಸಿ, "ಇದು ಎಲ್ಲದಕ್ಕೂ ಆಗ್ತದೆ ಸಾರ್" ಎಂದಿದ್ದ.

"ಎಲ್ಲದಕ್ಕೂ ಆಗೋದು ಯಾವುದಕ್ಕೂ ಆಗಲ್ಲ" ಎಂದು ಭಾವ ಅಲ್ಲೇ ಸ್ಟೂಲು ಎಳೆದು ಕುಳಿತರು.

ಅಂದು ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ನೀರು ಹೀರುವ ಟೈಲ್ಸಿಗೆ ಯಾವುದು, ಹೀರದ ನುಣುಪು ಟೈಲ್ಸಿಗೆ ಯಾವುದು? ನೆಲಕ್ಕಾದರೆ ಭಾರ ತಡೆಯಬೇಕು, ಗೋಡೆಗಾದರೆ ಜಾರಬಾರದು, ಹೊರಗಾದರೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿದರೂ ಬಿಡಬಾರದು. ಹಳೆಯ ಟೈಲ್ಸಿನ ಮೇಲೆ ಹೊಸದು ಹಾಕುವುದಾದರೆ ಅದರ ಕಥೆಯೇ ಬೇರೆ. ಐದು ಉಂಡೆ ಗಮ್ಮು ಇಟ್ಟು ಒತ್ತಿಬಿಟ್ಟರೆ ನಡುವೆ ಟೊಳ್ಳು ಉಳಿಯುತ್ತದೆ, ಹಲ್ಲಿರುವ ಕರಣೆಯಲ್ಲಿ ಬಾಚಿ ಹರಡಬೇಕು ಎಂದು ಭಾವ ಹೇಳುವಾಗ ನೋಡಬೇಕು, ಮಗಳ ತಲೆ ಬಾಚುವುದನ್ನು ಹೇಳಿಕೊಡುತ್ತಿದ್ದಾರೋ ಎನಿಸುತ್ತಿತ್ತು. ಇಷ್ಟೆಲ್ಲ ತಿಳಿದ ಮೇಲೆ ಯಾವುದಾದರೂ ಒಂದನ್ನು ಕೊಂಡರೇ? ಇಲ್ಲ. ನಂಬಿಕೆ ಬರಬೇಡವೆ!

ನಂಬಿಕೆ ಬರುವುದಕ್ಕೆ ಪರೀಕ್ಷೆ ಬೇಕು. ಒಂದೊಂದು ಚೀಲದಲ್ಲಿ ಸ್ವಲ್ಪ ಸ್ವಲ್ಪ ತಂದು ಕೊಟ್ಟಿಗೆಯ ಹಿಂದಿನ ಗೋಡೆ, ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಎಲ್ಲ ಕಡೆ ಒಡಕು ಟೈಲ್ಸ್ ಅಂಟಿಸಿದರು. ಮಳೆಗಾಲ ಪೂರ್ತಿ ನೆನೆಸಿ, ಬೇಸಗೆಯಲ್ಲಿ ಹಾರೆ ತಂದು ಮೀಟಿ ನೋಡುವುದು. ಕೈ ತಪ್ಪಿ ಚೆಲ್ಲಿದ ಗಮ್ಮಿನಲ್ಲಿ ನಾಯಿಯ ತಟ್ಟೆ ಅಂಗಳಕ್ಕೆ ಕಚ್ಚಿಕೊಂಡಿತು. ಪಾಪ, ನಾಯಿ ತಟ್ಟೆ ತಳ್ಳಿಕೊಂಡು ಊಟ ಮಾಡುವ ಸುಖವನ್ನೇ ಕಳೆದುಕೊಂಡಿತು. ಅಕ್ಕ ಒಮ್ಮೆ ನನ್ನೆದುರೇ ಹೇಳಿದಳು:

"ನನ್ನ ಕತ್ತಿಗೆ ಮೂರು ಗಂಟು ಹಾಕೋವಾಗ್ಲೂ ನಿಮ್ ಭಾವ ಇಷ್ಟು ಯೋಚನೆ ಮಾಡಿರ್ಲಿಲ್ಲ ಕಣೋ."

"ಅದು ಹೆಂಗೂ ಬಿಡಲ್ಲ ಅಂತ ಗೊತ್ತಿತ್ತು" ಎಂದರು ಭಾವ, ಹಾರೆಯ ಮೇಲಿನ ಕಣ್ಣು ತೆಗೆಯದೆ.

ಅದೂ ಬಿಟ್ಟಿತು. ಅಕ್ಕನಿಗೆ ಊಟ ಸೇರದಾಯಿತು, ಮೈ ಇಳಿಯಿತು. ಡಾಕ್ಟರು ಮೊದಲು ಗ್ಯಾಸ್ಟ್ರಿಕ್ ಎಂದರು, ಆಮೇಲೆ ಬೇರೆ ಹೆಸರು ಹೇಳಿದರು. ಆ ಹೆಸರನ್ನು ಭಾವ ಒಂದು ದಿನವೂ ಬಾಯಲ್ಲಿ ತರಲಿಲ್ಲ. ಮಡಿಕೇರಿಯ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತೇ ಇದ್ದರು. ಒಂದು ಸಂಜೆ ನಾನು ಗಂಜಿ ತೆಗೆದುಕೊಂಡು ಹೋದಾಗ ವಾರ್ಡಿನ ಗೋಡೆಗೆ ಕಿವಿಯಿಟ್ಟು ನಿಂತಿದ್ದರು. ಟಕ್, ಟಕ್. ನರ್ಸಮ್ಮ ಬಂದು, ಆಚೆ ಬದಿ ರೋಗಿಗಳು ಮಲಗಿದ್ದಾರೆ, ಯಾರನ್ನು ಕರೆಯುತ್ತಿದ್ದೀರಿ ಎಂದು ಗದರಿದರು. ಭಾವ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕೈ ಹಿಂದೆ ಕಟ್ಟಿಕೊಂಡರು.

ಮಂಚದ ಮೇಲಿಂದ ಅಕ್ಕ ಕೇಳಿದಳು, "ಟೊಳ್ಳಾ?"

"ಗಟ್ಟಿ ಇದೆ" ಎಂದರು ಭಾವ.

ಅವಳು ನಕ್ಕಳು. ನಕ್ಕು ಕೆಮ್ಮು ಹತ್ತಿ, ಕೆಮ್ಮಿ ಮತ್ತೆ ನಕ್ಕಳು. ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಕೊನೆ.

ನಮ್ಮಲ್ಲಿ ಹೂಳುವ ಪದ್ಧತಿ. ತೋಟದ ಮೇಲಿನ ಮೂಲೆಯಲ್ಲಿ, ಬಸರಿ ಮರದ ಆಚೆ ಅಕ್ಕನಿಗೆ ಜಾಗ ಮಾಡಿದೆವು. ವರ್ಷ ತುಂಬುವುದರೊಳಗೆ ಕಟ್ಟೆ ಕಟ್ಟಿ ಟೈಲ್ಸ್ ಹಾಕಿಸಬೇಕು, ಈಗ ಎಲ್ಲರೂ ಹಾಗೇ ಮಾಡುತ್ತಾರೆ ಎಂದು ನೆಂಟರು ಹೇಳಿದರು. ಭಾವ ಜಗ್ಗಲಿಲ್ಲ. ಹೊಸ ಮಣ್ಣು, ಒಂದು ಮಳೆಗಾಲ ಕಂಡು ಕೂರಬೇಕು, ಅದಕ್ಕೆ ಮೊದಲು ಏನು ಕಟ್ಟಿದರೂ ಬಿರುಕು ಬಿಡುತ್ತದೆ ಎಂದರು. ಗೋಡೆಗೆ ಸರಿಯಾದ ಗಮ್ಮು ಹುಡುಕುತ್ತ ಹೆಂಡತಿಯನ್ನು ಇಟ್ಟಿಗೆಯ ಬಚ್ಚಲಲ್ಲಿ ಇಟ್ಟವರು, ಇನ್ನು ಸಮಾಧಿಯನ್ನೂ ಹಾಗೇ ಬಿಡುತ್ತಾರೆ ಎಂದು ಯಾರೋ ಆಡಿದ್ದು ಅವರ ಕಿವಿಗೂ ಬಿತ್ತು. ಆ ಮಳೆಗಾಲ ಅವರು ಯಾರ ಮನೆಗೂ ಹೋಗಲಿಲ್ಲ, ಯಾವ ಗೋಡೆಯನ್ನೂ ತಟ್ಟಲಿಲ್ಲ. ಮಳೆ ಬಿಟ್ಟಾಗ ಕೊಡೆ ಹಿಡಿದು ಮೇಲಿನ ಮೂಲೆಗೆ ಹೋಗಿ, ಮಣ್ಣು ಎಷ್ಟು ಕುಸಿದಿದೆ ಎಂದು ನೋಡಿ ಬರುತ್ತಿದ್ದರಂತೆ.

ಕಾಫಿ ಕೊಯ್ಲು ಮುಗಿದ ಮೇಲೆ ಒಂದು ದಿನ, ಬಾ ಎಂದು ನನಗೆ ಫೋನು ಮಾಡಿದರು. ಇಬ್ಬರೂ ಅಂಗಡಿಗೆ ಹೋದೆವು. ಕಾಕ ಈ ಸಲ ಒಳಗೆ ಹೋಗಲಿಲ್ಲ. ಟೈಲ್ಸ್ ಮನೆಯ ಒಳಗೋ ಹೊರಗೋ ಎಂದು ತಾನೇ ಕೇಳಿದ. ಹೊರಗೆ ಎಂದರು ಭಾವ. ನೆಲಕ್ಕೋ ಗೋಡೆಗೋ ಎಂದ. ಯಾವ ಗೋಡೆಗೆ ಯಾವುದು ಎಂದು ಊರಿಗೆಲ್ಲ ಪಾಠ ಹೇಳಿದ ಭಾವ ಚೀಲಗಳ ಕಡೆ ನೋಡುತ್ತ ನಿಂತುಬಿಟ್ಟರು. ಅಕ್ಕನ ಸಮಾಧಿಗೆ ಎಂದು ನಾನೇ ಹೇಳಬೇಕಾಯಿತು. ಕಾಕ ಒಳಗಿನಿಂದ ಒಂದು ಚೀಲವನ್ನು ಬೆನ್ನ ಮೇಲೆ ಹೊತ್ತು ತಂದು ಜೀಪಿನಲ್ಲಿಟ್ಟ. ಭಾವ ಅದರ ಮೇಲಿನ ಅಕ್ಷರ ಓದಿದರು, ತಲೆಯಾಡಿಸಿದರು. ಅವರು ಒಂದು ಗಮ್ಮನ್ನು ಒಪ್ಪಿದ್ದನ್ನು ನಾನು ಮೊದಲ ಸಲ ಕಂಡೆ.

ಮೇಸ್ತ್ರಿಯೊಬ್ಬ ಆಗಲೇ ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿ ಹೋಗಿದ್ದ. ಟೈಲ್ಸ್ ಮಾತ್ರ ಭಾವ ಯಾರ ಕೈಗೂ ಕೊಡಲಿಲ್ಲ. ಬೂದು ಬಣ್ಣದ, ಕೈಗೆ ಒರಟಾದ ಟೈಲ್ಸು. ಗಮ್ಮು ಕಲಸಿ, ಕಟ್ಟೆಯ ಮೇಲೂ ಟೈಲ್ಸಿನ ಬೆನ್ನಿಗೂ ಹರಡಿ, ಬಾಚಿ, ಒತ್ತಿ ಕೂರಿಸುತ್ತ ಹೋದರು. ನಾನು ಎತ್ತಿ ಕೊಡುತ್ತ ಹೋದೆ. ಬಿಸಿಲು ಏರಿತು. ನಾಲ್ಕೂ ಬದಿ, ಮೇಲಿನ ಅಂಚು, ಎಲ್ಲ ಮುಗಿಯಿತು. ನಡುವೆ ಮಾತ್ರ ಮಣ್ಣು ಹಾಗೇ ಇತ್ತು. ಇಲ್ಲಿಗೆ ಕಾಂಕ್ರೀಟು ಯಾವಾಗ ಹಾಕುವುದು ಎಂದು ನಾನು ಕೇಳಿದೆ.

"ಅಲ್ಲಿಗೆ ಏನೂ ಬೇಡ ಕಣಯ್ಯ."

"ನೀರು ಇಳಿಯುತ್ತಲ್ಲ ಭಾವ?"

"ಇಳೀಲಿ." ಅವರು ಕರಣೆ ಕೆಳಗಿಟ್ಟರು. "ಹೂಮಳೆ ಬಂದ್ರೆ ನಿಮ್ಮಕ್ಕ ಒಲೆ ಮೇಲೆ ಏನಿದ್ರೂ ಬಿಟ್ಟು ತೋಟಕ್ಕೆ ಓಡೋಳು. ಮಣ್ಣಿಗೆ ಬೆರಳು ಹಾಕಿ ನೋಡೋಳು. ಇಷ್ಟು ಇಳಿದಿದೆ, ಈ ಸಲ ಕಾಫಿ ಹೂ ಚೆನ್ನಾಗಿ ಅರಳುತ್ತೆ ಅಂತ ನಂಗೆ ಬಂದು ಹೇಳೋಳು. ಪೂರ್ತಿ ಮುಚ್ಚಿಬಿಟ್ರೆ, ಮಳೆ ಬಂದಿದ್ದು ಅವಳಿಗೆ ಗೊತ್ತಾಗೋದು ಹೆಂಗೆ?"

ಭಾವ ಮಂಡಿಯೂರಿ ಕುಳಿತು, ಒಣಗಿ ಗಟ್ಟಿಯಾದ ಆ ಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಪುಡಿ ಮಾಡಿ ಹರಡತೊಡಗಿದರು. ನಾನೂ ಪಕ್ಕದಲ್ಲಿ ಕುಳಿತು ಕೈ ಹಾಕಿದೆ.